ಸ್ಟೂಲಿನ ಮೇಲಿನ ಹಾರ

“ಗುರುಗಳೇ, ಸತ್ತವನ ಸಾಲನ್ನು ಇನ್ನೊಬ್ಬ ಹಾಡಬಹುದೇ?” ಎಂದು ಬಸವಂತ ಕೇಳಿದ.

ಅವನು ಕೇಳಿದ್ದು ಕೊಟ್ರಯ್ಯನ ಸಾಲಿನ ಬಗ್ಗೆ. ಮಠದಲ್ಲಿ ಬೆಳಗಿನ ಪ್ರಾರ್ಥನೆಯನ್ನು ಆರು ಮಂದಿ ಶಿಷ್ಯರು ಹಾಡುತ್ತಿದ್ದರು. ಅದರ ಮೂರನೆಯ ಸಾಲು ತುಂಬ ಎತ್ತರಕ್ಕೆ ಏರುತ್ತಿತ್ತು. ಅಲ್ಲಿ ಉಳಿದವರು ನಿಲ್ಲಿಸುತ್ತಿದ್ದರು, ಕೊಟ್ರಯ್ಯ ಒಬ್ಬನೇ ಹಾಡುತ್ತಿದ್ದ. ಮೂರು ತಿಂಗಳ ಹಿಂದೆ ಕೊಟ್ರಯ್ಯ ಜ್ವರ ಬಂದು ತೀರಿಕೊಂಡ. ಅಂದಿನಿಂದ ಮೂರನೆಯ ಸಾಲು ಬಂದಾಗ ಐವರೂ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಹಾರ್ಮೋನಿಯಂ ಕೂಡ ನಿಲ್ಲುತ್ತಿತ್ತು. ಅಷ್ಟು ಹೊತ್ತು ಕಳೆದ ಮೇಲೆ ನಾಲ್ಕನೆಯ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ತಾನಾಗಿ ರೂಢಿಯಾಗಿತ್ತು.

“ನೀನು ಹಾಡಬೇಕೆಂದಿದ್ದೀಯಾ?” ಎಂದರು ಗುರುಗಳು.

“ಇಲ್ಲ ಗುರುಗಳೇ. ಹೊಸದಾಗಿ ಸೇರಿದವನೊಬ್ಬ ನಿನ್ನೆ ಕೇಳಿದ, ಆ ಸಾಲನ್ನು ಯಾಕೆ ಬಿಡುತ್ತೀರಿ ಎಂದು. ನಾನು ಅವನಿಗೆ ಚೆನ್ನಾಗಿ ಬೈದೆ. ಬೈದರೂ ಸಮಾಧಾನವಾಗಲಿಲ್ಲ.”

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು.

“ಒಂದು ಊರಿನಲ್ಲಿ ನಾಲ್ವರ ಒಂದು ಬ್ಯಾಂಡ್ ಇತ್ತು” ಎಂದರು.

“ಮದುವೆ ಮೆರವಣಿಗೆಯ ಬ್ಯಾಂಡೇ?”

“ಅಲ್ಲ, ರಾಕ್ ಬ್ಯಾಂಡ್. ಯಾಕೆ ಹಾಗೆ ನೋಡುತ್ತೀಯಾ? ಮಠದಲ್ಲಿ ಇರುವವನಿಗೆ ಕಿವಿ ಇರಬಾರದೇ? ಕೇಳು.”

ಆ ನಾಲ್ವರಲ್ಲಿ ಒಬ್ಬ ಗಿಟಾರ್ ನುಡಿಸುತ್ತ ಹಾಡುತ್ತಿದ್ದ. ಇನ್ನೊಬ್ಬ ಬೇಸ್ ಗಿಟಾರಿನವನು. ಡ್ರಮ್ಸ್ ಬಾರಿಸುತ್ತಿದ್ದವಳು ಒಬ್ಬ ಹೆಂಗಸು. ನಾಲ್ಕನೆಯವನು ಕೀಬೋರ್ಡಿನವನು. ಅವರ ಹಾಡು ಶುರುವಾದರೆ ಅರ್ಧ ಗಂಟೆ ನಡೆಯುತ್ತಿತ್ತು. ಒಂದೇ ಹಾಡಿನೊಳಗೆ ತಾಳ ಬದಲಾಗುತ್ತಿತ್ತು. ಏಳು ಏಟಿನದು ಹನ್ನೊಂದಕ್ಕೆ ಹೋಗಿ ಐದಕ್ಕೆ ಇಳಿಯುತ್ತಿತ್ತು. ಕುಣಿಯಲು ಬಂದವರು ಹೆಜ್ಜೆ ತಪ್ಪಿ ಬೈದುಕೊಂಡು ಹೋಗುತ್ತಿದ್ದರು. ಕೇಳಲು ಬಂದವರು ಮತ್ತೆ ಬರುತ್ತಿದ್ದರು.

ಹಾಡಿನ ನಡುವೆ ಒಂದು ಜಾಗವಿತ್ತು. ಅಲ್ಲಿ ಮೂವರು ನಿಲ್ಲಿಸುತ್ತಿದ್ದರು, ಕೀಬೋರ್ಡಿನವನು ಒಬ್ಬನೇ ನುಡಿಸುತ್ತಿದ್ದ. ಇವತ್ತು ನುಡಿಸಿದ್ದನ್ನು ನಾಳೆ ನುಡಿಸುತ್ತಿರಲಿಲ್ಲ. ಸಾಕು ಅನಿಸಿದಾಗ ತಲೆ ಆಡಿಸುತ್ತಿದ್ದ. ಮೂವರೂ ಆ ತಲೆಯನ್ನೇ ನೋಡುತ್ತ ಕಾದಿದ್ದು ಒಟ್ಟಿಗೆ ಸೇರಿಕೊಳ್ಳುತ್ತಿದ್ದರು.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಜೊತೆಯವರಲ್ಲಿ ಯಾರಾದರೂ ತಪ್ಪು ನುಡಿಸಿದರೆ ಆ ತಪ್ಪನ್ನೇ ಹಿಡಿದು ತಾನೂ ಒಮ್ಮೆ ನುಡಿಸುತ್ತಿದ್ದ. ಎರಡು ಸಲ ಕೇಳಿದ್ದನ್ನು ಜನ ತಪ್ಪು ಎನ್ನುವುದಿಲ್ಲ, ಬೇಕೆಂದೇ ಮಾಡಿದ್ದು ಎಂದುಕೊಳ್ಳುತ್ತಾರೆ. ಆಮೇಲೆ ಅವನು ಆ ತಪ್ಪಿನ ಹಿಂದೆ ಹೊರಟುಬಿಡುತ್ತಿದ್ದ, ಉಳಿದವರು ಅವನ ಹಿಂದೆ. ಅವರ ಒಳ್ಳೆಯ ಹಾಡುಗಳಲ್ಲಿ ಕೆಲವು ಹೀಗೆಯೇ ಹುಟ್ಟಿದ್ದವು. ಅವನಿದ್ದಾನೆ ಎಂಬ ಧೈರ್ಯದಲ್ಲಿ ಮೂವರೂ ಕೈಗೆ ಎಟುಕದ್ದಕ್ಕೆಲ್ಲ ಕೈ ಹಾಕುತ್ತಿದ್ದರು.

ಒಂದು ದಿನ ಲಾರಿ ಬಡಿದು ಕೀಬೋರ್ಡಿನವನು ಸತ್ತ.

ಅವರ ಕಾರ್ಯಕ್ರಮಗಳನ್ನು ನಡೆಸುತ್ತಿದ್ದವನು ಒಬ್ಬ ವ್ಯಾಪಾರಿ. ಹಾಲ್ ಗೊತ್ತುಮಾಡುವವನು ಅವನೇ, ಟಿಕೆಟ್ ಮಾರುವವನೂ ಅವನೇ. ಸೂತಕ ಕಳೆದ ಮೇಲೆ ಅವನು ಒಬ್ಬ ಯುವಕನನ್ನು ಕರೆತಂದ. “ಇವನು ನಿಮ್ಮವನ ರೆಕಾರ್ಡಿಂಗ್ ಕೇಳಿ ಕೇಳಿ ಒಂದು ಸ್ವರವನ್ನೂ ಬಿಡದೆ ಕಲಿತಿದ್ದಾನೆ. ಕಣ್ಣು ಮುಚ್ಚಿಕೊಂಡರೆ ಅವನೇ” ಎಂದ.

ನಿಜ, ಕಣ್ಣು ಮುಚ್ಚಿಕೊಂಡರೆ ಅವನೇ. ಆದರೆ ಮೊದಲ ಕಾರ್ಯಕ್ರಮದಲ್ಲೇ ಗಿಟಾರಿನವನು ಒಂದು ಏಟು ಮುಂದೆ ಹೋದ. ಅಭ್ಯಾಸಬಲದಿಂದ ಕೀಬೋರ್ಡಿನ ಕಡೆ ನೋಡಿದ. ಯುವಕ ತಲೆ ಎತ್ತದೆ ತನ್ನ ದಾರಿಯಲ್ಲಿ ನೆಟ್ಟಗೆ ಹೋದ. ಗಿಟಾರಿನವನ ತಪ್ಪು ಒಂಟಿಯಾಗಿ ನಿಂತಿತು. ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

“ನೀನು ಅದನ್ನು ಎತ್ತಿಕೊಳ್ಳಬೇಕಿತ್ತು ಕಣಯ್ಯ” ಎಂದಳು ಡ್ರಮ್ಸಿನವಳು.

“ಅದು ರೆಕಾರ್ಡಿಂಗಿನಲ್ಲಿ ಇರಲಿಲ್ಲ ಮೇಡಂ” ಎಂದ ಯುವಕ. ಅವನು ಒಳ್ಳೆಯವನು. ಅವನನ್ನು ಮರ್ಯಾದೆಯಿಂದ ಕಳಿಸಿಕೊಟ್ಟರು.

ಗಿಟಾರಿನವನಿಗೆ ಆ ದಿನದಿಂದ ಮನಸ್ಸು ಮುರಿಯಿತು. “ಅವನ ಜಾಗದಲ್ಲಿ ಯಾರೂ ಬೇಡ, ಖಾಲಿ ಇರಲಿ” ಎಂದ. ಉಳಿದಿಬ್ಬರು ಒಪ್ಪಿದರು. ವೇದಿಕೆಯ ಮೇಲೆ ಕೀಬೋರ್ಡ್ ಇಟ್ಟರು. ಅವನು ಕೂರುತ್ತಿದ್ದ ಸ್ಟೂಲನ್ನು ಅದರ ಹಿಂದೆ ಇಟ್ಟು ಸೇವಂತಿಗೆ ಹಾರ ಹಾಕಿದರು. ಹಾಡಿನ ನಡುವೆ ಅವನ ಜಾಗ ಬಂದಾಗ ಮೂವರೂ ಕೈ ಕಟ್ಟಿ ನಿಂತರು. ಅವನು ನುಡಿಸುತ್ತಿದ್ದಷ್ಟು ಹೊತ್ತು ಹಾಲಿನಲ್ಲಿ ಸದ್ದಿರಲಿಲ್ಲ. ತಲೆ ಆಡಿಸುವವನು ಇಲ್ಲವಲ್ಲ, ಗಿಟಾರಿನವನು ಗೋಡೆಯ ಗಡಿಯಾರ ನೋಡಿ ಮುಂದಿನದನ್ನು ಶುರುಮಾಡಿದ.

ಜನ ಅತ್ತರು. ಮುಂದಿನ ಸಲ ಇನ್ನೂ ಹೆಚ್ಚು ಜನ ಬಂದರು. ವ್ಯಾಪಾರಿ ಪೋಸ್ಟರಿನಲ್ಲಿ ಸ್ಟೂಲಿನ ಚಿತ್ರವನ್ನೇ ಹಾಕಿಸಿದ. ಬೇರೆ ಊರುಗಳಿಂದ ಕರೆ ಬಂತು. ಜನ ಕರವಸ್ತ್ರ ಹಿಡಿದುಕೊಂಡೇ ಒಳಗೆ ಬರತೊಡಗಿದರು. ಮೌನ ಮುಗಿದ ಮೇಲೆ ಕೆಲವರು ಎದ್ದು ಮನೆಗೂ ಹೋಗುತ್ತಿದ್ದರು.

ಮೂವರೂ ಹೊಸ ಹಾಡು ಕಟ್ಟುವುದನ್ನು ಬಿಟ್ಟರು. ಇದ್ದ ಹಾಡುಗಳಲ್ಲಿ ತಪ್ಪು ಮಾಡುವುದನ್ನೂ ಬಿಟ್ಟರು. ತಪ್ಪಿದರೆ ಎತ್ತಿಕೊಳ್ಳುವವನಿಲ್ಲ ಎಂಬ ಹೆದರಿಕೆಯಿಂದ ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆಯೇ ನುಡಿಸಿ ಇಳಿಯುತ್ತಿದ್ದರು. ಹೀಗೆ ವರ್ಷ ತುಂಬಿತು.

ವರ್ಷದ ಕಾರ್ಯಕ್ರಮಕ್ಕೆ ಸತ್ತವನ ತಾಯಿ ಬಂದಳು. ಆಕೆ ಅದುವರೆಗೆ ಬಂದಿರಲಿಲ್ಲ. ವ್ಯಾಪಾರಿ ಮುಂದಿನ ಸಾಲಿನಲ್ಲಿ ಕೂರಿಸಿದ. ಮೌನದ ಹೊತ್ತಿನಲ್ಲಿ ಜನ ಸ್ಟೂಲನ್ನೂ ನೋಡಿದರು, ಆಕೆಯ ಮುಖವನ್ನೂ ನೋಡಿದರು. ಆಕೆ ಅಳಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮೂವರೂ ಬಂದು ಕಾಲಿಗೆ ಬಿದ್ದರು.

“ಅಲ್ಲಿ ಕೂರಿಸಿದ್ದಿರಲ್ಲ, ಅದು ಯಾರು?” ಎಂದು ಕೇಳಿದಳು ತಾಯಿ.

ಯಾರಿಗೂ ಅರ್ಥವಾಗಲಿಲ್ಲ. “ನಿಮ್ಮ ಮಗನ ಜಾಗ ಅಮ್ಮ ಅದು” ಎಂದಳು ಡ್ರಮ್ಸಿನವಳು.

“ನನ್ನ ಮಗನೇ? ಅವನು ಊಟಕ್ಕೆ ಕೂತರೂ ತಟ್ಟೆಯ ಮೇಲೆ ಬೆರಳು ಕುಟ್ಟುತ್ತಿದ್ದ. ಸುಮ್ಮನಿರೋ ಎಂದು ಬೈದು ಬೈದು ನನ್ನ ಗಂಟಲು ಹೋಯಿತು. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತವನು ಅವನಲ್ಲವ್ವ. ಯಾರೋ ಬೇರೆಯವರನ್ನು ತಂದು ಕೂರಿಸಿದ್ದೀರಿ.”

ಇಷ್ಟು ಹೇಳಿ ಆಕೆ ಆಟೋ ಹಿಡಿದು ಹೋದಳು.

ಮುಂದಿನ ಕಾರ್ಯಕ್ರಮದಲ್ಲಿ ಆ ಜಾಗ ಬಂತು. ಇಬ್ಬರು ಕೈ ಕಟ್ಟಿದರು. ಜನ ಕರವಸ್ತ್ರ ತೆಗೆದರು. ಡ್ರಮ್ಸಿನವಳು ಕೋಲು ಕೆಳಗಿಡಲಿಲ್ಲ. ಬಾರಿಸಬೇಕೆಂದು ಅವಳು ಮನೆಯಲ್ಲೇ ನಿಶ್ಚಯಿಸಿ ಬಂದಿದ್ದಳು. ಏನು ಬಾರಿಸಬೇಕೆಂದು ನಿಶ್ಚಯಿಸಿರಲಿಲ್ಲ. ಕೋಲೆತ್ತಿ ಹೊಡೆದಳು. ಪೆಟ್ಟು ತಾಳಕ್ಕೆ ಸರಿಯಾಗಿ ಬೀಳದೆ ನಡುವೆ ಎಲ್ಲೋ ಬಿತ್ತು.

“ಶ್!” ಎಂದರು ಹಾಲಿನಲ್ಲಿ. ಗಿಟಾರಿನವನು ಕೆಂಡದಂಥ ಕಣ್ಣಿನಿಂದ ತಿರುಗಿ ನೋಡಿದ.

ಅವಳು ಅದೇ ತಪ್ಪು ಪೆಟ್ಟನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಹೊಡೆದಳು.

ಬೇಸ್ ಗಿಟಾರಿನವನು ಅವಳ ಕಡೆ ತಿರುಗಿದ. ಆಮೇಲೆ ಕಟ್ಟಿದ ಕೈ ಬಿಚ್ಚಿ ಆ ಪೆಟ್ಟಿನ ಜೊತೆ ಒಂದು ಸ್ವರ ಸೇರಿಸಿದ. ಇಬ್ಬರೂ ಅದರ ಹಿಂದೆ ಹೊರಟರು. ಎಲ್ಲಿ ಮುಗಿಸಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಒಬ್ಬನ ತಲೆಯನ್ನು ನೋಡುತ್ತಿದ್ದರು. ಅಂದು ಮೊದಲ ಸಲ ಒಬ್ಬರ ಮುಖವನ್ನೊಬ್ಬರು ನೋಡಿದರು. ಬಹಳ ಒರಟಾಗಿ ಬಂದು ಸೇರಿದರು. ಅರ್ಧ ಜನ ಎದ್ದು ಹೋಗಿದ್ದರು.

ಒಳಗಿನ ಕೋಣೆಯಲ್ಲಿ ಗಿಟಾರಿನವನು, “ಇವತ್ತು ನೀನು ಅವನನ್ನು ಎಬ್ಬಿಸಿ ಹೊರಗೆ ಕಳಿಸಿದೆ” ಎಂದ.

“ಅವನು ಆ ಜಾಗದಲ್ಲಿ ಯಾವತ್ತಾದರೂ ಸುಮ್ಮನಿದ್ದನೇನೋ? ನೀನೇ ಹೇಳು” ಎಂದಳು ಅವಳು.

ಅಷ್ಟರಲ್ಲಿ ವ್ಯಾಪಾರಿ ಬಂದ.

“ಏನಮ್ಮ ಇದು? ಜನ ದುಡ್ಡು ಕೊಟ್ಟು ಬಂದದ್ದು ಆ ಮೌನಕ್ಕೆ.”

“ಮೌನ ಬೇಕಾದವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿ ಸಾರ್. ಅದಕ್ಕೆ ಇಷ್ಟು ದೊಡ್ಡ ಸ್ಪೀಕರ್ ಯಾಕೆ?”

“ಹಾಗಾದರೆ ನನ್ನ ಹಾಲ್ ನಿಮಗಿಲ್ಲ. ಆ ಹೆಸರನ್ನೂ ಬಿಡಿ. ಆ ಬ್ಯಾಂಡ್ ಅವನ ಜೊತೆಗೇ ಸತ್ತಿತು ಎಂದು ಊರಿಗೆಲ್ಲ ನಾನೇ ಹೇಳುತ್ತೇನೆ.”

“ಹೇಳಿ ಸಾರ್. ಸ್ವಲ್ಪ ಗಟ್ಟಿಯಾಗಿ ಹೇಳಿ. ನಾವು ನುಡಿಸುತ್ತಿರುತ್ತೇವೆ, ನಿಮ್ಮ ಮಾತು ಕೇಳಿಸದೆ ಹೋದೀತು.”

ವ್ಯಾಪಾರಿ ಮಾತಿಗೆ ತಪ್ಪಲಿಲ್ಲ. ಹಾಲುಗಳ ಬಾಗಿಲು ಮುಚ್ಚಿದವು. ಪತ್ರಿಕೆಯಲ್ಲಿ ಒಬ್ಬ, ಇವರಿಗೆ ಗೆಳೆಯನ ಮೇಲೆ ಗೌರವವಿಲ್ಲ ಎಂದು ಬರೆದ. ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಬಿಟ್ಟರು. ಬಿಟ್ಟವರನ್ನು ಕರೆಯಲು ಇವರು ಹೋಗಲಿಲ್ಲ. ಹೆಸರನ್ನೂ ಬದಲಾಯಿಸಲಿಲ್ಲ. ಊರ ಹೊರಗೆ ಮುಚ್ಚಿದ ಅಕ್ಕಿ ಗಿರಣಿ ಒಂದಿತ್ತು. ಅದರ ಕೀಲಿಕೈ ಕೇಳಿ ತಂದು, ತೌಡಿನ ಧೂಳು ಗುಡಿಸಿ, ಅಲ್ಲೇ ಅಭ್ಯಾಸಕ್ಕೆ ಕೂತರು. ಗಿಟಾರಿನವನು ಮೊದಲ ವಾರ ಬರಲಿಲ್ಲ. ಎರಡನೆಯ ವಾರ ಬಂದು ಬಾಗಿಲ ಹತ್ತಿರ ನಿಂತು ಕೇಳಿದ. ಆಮೇಲೆ ಒಳಗೆ ಬಂದ.

ಒಂದು ಭಾನುವಾರ ಗಿರಣಿಯಲ್ಲೇ ಕಾರ್ಯಕ್ರಮ ಇಟ್ಟರು. ಬಂದವರು ಕೆಲವೇ ಮಂದಿ. ಚೀಲ ಹಾಸಿ ನೆಲದ ಮೇಲೆ ಕೂತರು. ಗಿಟಾರಿನವನು ಅಭ್ಯಾಸದಂತೆ ಸ್ಟೂಲನ್ನೂ ತಂದಿದ್ದ, ಹಾರವನ್ನೂ ತಂದಿದ್ದ. ಕೀಬೋರ್ಡನ್ನು ತಂದಿರಲಿಲ್ಲ. ಸ್ಟೂಲಿಗೆ ಹಾರ ಹಾಕಿ ತನ್ನ ಪಕ್ಕದಲ್ಲಿ ಇಟ್ಟುಕೊಂಡ. ಡ್ರಮ್ಸಿನವಳು ಬೇಡ ಎನ್ನಲಿಲ್ಲ.

ಶುರುಮಾಡುವ ಹೊತ್ತಿಗೆ ತಾಯಿ ಬಂದಳು. ಆಕೆಗೆ ಮಂಡಿನೋವು, ನೆಲದ ಮೇಲೆ ಕೂರಲಾಗದು. ಗಿರಣಿಯಲ್ಲಿ ಕುರ್ಚಿ ಇರಲಿಲ್ಲ. ಆಕೆ ನಿಂತೇ ಇದ್ದಳು.

ಡ್ರಮ್ಸಿನವಳು ಎದ್ದು ಬಂದಳು. ಸ್ಟೂಲಿನ ಮೇಲಿನ ಹಾರ ತೆಗೆದಳು. ಸ್ಟೂಲನ್ನು ಒರೆಸಿ ಆಕೆಗೆ ಹಾಕಿಕೊಟ್ಟಳು. ಹಾರವನ್ನು ಎಲ್ಲಿಡಬೇಕೆಂದು ಗಿಟಾರಿನವನ ಕಡೆ ನೋಡಿದಳು. ಅವನು ಗಿಟಾರ್ ಕೆಳಗಿಟ್ಟ. ಆಮೇಲೆ ತಾನೇ ಅದನ್ನು ಇಸಿದುಕೊಂಡು ಹೊರಗೆ ಹೋಗಿ, ಬಾಗಿಲಲ್ಲಿ ಕಟ್ಟಿದ್ದ ಆಡಿನ ಮುಂದೆ ಹಾಕಿ ಬಂದ.

ಅಂದು ಹಾಡಿನಲ್ಲಿ ಯಾರೂ ಯಾರಿಗಾಗಿಯೂ ನಿಲ್ಲಲಿಲ್ಲ. ಗಿಟಾರಿನವನು ಹಾಡುತ್ತ ಒಂದು ಸಾಲು ಮರೆತ, ಇನ್ನಿಬ್ಬರು ಆ ಮರೆವನ್ನೇ ಎತ್ತಿಕೊಂಡರು. ಏಳರ ತಾಳ ಒಂಬತ್ತಾಯಿತು. ಅದು ಹಳೆಯ ಹಾಡಾಗಿರಲಿಲ್ಲ. ಹೊಸ ಹಾಡೂ ಇನ್ನೂ ಆಗಿರಲಿಲ್ಲ. ಮೂವರೂ ಬೆವರಿ ತೊಯ್ದು ನಿಲ್ಲಿಸಿದರು.

“ಹೇಗಿತ್ತಮ್ಮ?” ಎಂದು ಕೇಳಿದ ಗಿಟಾರಿನವನು.

“ಏನು ಹೇಗಿತ್ತು, ಎಲ್ಲ ಅಡ್ಡಾದಿಡ್ಡಿ” ಎಂದಳು ತಾಯಿ. ಸ್ಟೂಲಿನಿಂದ ಮಾತ್ರ ಏಳಲಿಲ್ಲ. “ಮುಂದಿನದು ಯಾವಾಗ?”

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಯಾರೋ ಪೊರಕೆ ಆಡಿಸುತ್ತಿದ್ದರು.

“ಅವರು ಕಲಿತವರು ಗುರುಗಳೇ” ಎಂದ ಬಸವಂತ. “ನನಗೆ ಆ ಎತ್ತರ ಹತ್ತುವುದಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಅಲ್ಲಿಗೆ ಹೋದಾಗಲೆಲ್ಲ ನನ್ನ ಗಂಟಲು ಒಡೆದಿದೆ, ಇದು ಮಠಕ್ಕೆಲ್ಲ ಗೊತ್ತು. ಕೊಟ್ರಯ್ಯ ಹಾಡಿದ ಸಾಲನ್ನು ಈ ಗಂಟಲಿನಲ್ಲಿ ಹಾಡಿದರೆ ಅವನಿಗೆ ಅವಮಾನವಲ್ಲವೇ?”

ಗುರುಗಳು ಗೋಡೆಗೆ ಒರಗಿಸಿದ್ದ ತಂಬೂರಿಯನ್ನು ತೆಗೆದು ಅವನ ತೊಡೆಯ ಮೇಲೆ ಇಟ್ಟರು.

“ನಿನ್ನ ಗಂಟಲು ಒಡೆದಾಗಲೆಲ್ಲ ಕೊಟ್ರಯ್ಯ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ, ಮೂರು ತಿಂಗಳಿಂದ ಅವನನ್ನು ನಗಿಸುವವರಿಲ್ಲ.”