ಕಿತ್ತುಹೋದ ಸ್ವಿಚ್ಚು

"ಕಾಕಾ, ನೀವು ಹೋದ ಮೇಲೆ ನಾನು ಯಾರನ್ನು ಕೇಳಲಿ?" ಎಂದು ದಾಕ್ಷಾಯಿಣಿ ಕೇಳಿದಳು.

ರಿಮೋಟಿನಿಂದ ಓಡುವ ಪುಟ್ಟ ದೋಣಿಗಳನ್ನು ಕಟ್ಟುವ ವಿದ್ಯೆಯನ್ನು ಅವಳು ಗಿರಿಮಲ್ಲಪ್ಪನವರಲ್ಲಿ ಕಲಿಯುತ್ತಿದ್ದಳು. ಅವರು ಮರುದಿನ ಮಗಳ ಊರಿಗೆ ಹೊರಟಿದ್ದರು. ಇನ್ನು ಅಲ್ಲೇ ಇರುವವರು. ದೋಣಿ ಕಟ್ಟುವ ಶೆಡ್ಡಿನ ಬೀಗದ ಕೈಯನ್ನು ಅವಳಿಗೆ ಕೊಟ್ಟಾಗಿತ್ತು. ಆದರೆ ಒಂದು ಬೆಸುಗೆ ಹಾಕಬೇಕಾದರೂ ಅವಳು ಗುರುವಿನ ಮುಖ ನೋಡುತ್ತಿದ್ದಳು. ಅವರು ಹೂಂ ಎಂದರೆ ಕೈ ಓಡುತ್ತಿತ್ತು, ಇಲ್ಲವಾದರೆ ನಿಲ್ಲುತ್ತಿತ್ತು. ನಾಳೆಯಿಂದ ಶೆಡ್ಡಿಗೆ ಬೀಗ ಜಡಿಯುವುದೇ ಸರಿ ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದಳು.

ಗಿರಿಮಲ್ಲಪ್ಪ ಕನ್ನಡಕ ತೆಗೆದಿಟ್ಟರು. "ನನ್ನಂಥ ದೋಣಿಗಾರ ಈ ಸೀಮೆಯಲ್ಲಿ ಹುಟ್ಟಿಲ್ಲ, ಅದು ನಿನಗೆ ಗೊತ್ತೇ ಇದೆ. ನನ್ನ ದೋಣಿ ಬಂದರೆ ಮೀನುಗಳು ಬದಿಗೆ ಸರಿದು ದಾರಿ ಬಿಡುತ್ತಿದ್ದವು. ಆ ಮಾತು ಇರಲಿ, ಒಂದು ಕತೆ ಕೇಳು" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವರ್ತಕ, ಒಬ್ಬ ಕಮ್ಮಾರ ಇದ್ದರು. ಇಬ್ಬರಿಗೂ ದೋಣಿಯ ಹುಚ್ಚು. ವರ್ತಕ ತನ್ನ ದೋಣಿಗೆ ನೀರು ಹೋಗದ ಸ್ವಿಚ್ಚೊಂದನ್ನು ತರಿಸಿದ. ಅದಕ್ಕೆ ರಬ್ಬರಿನ ಟೊಪ್ಪಿ, ಬುಡದಲ್ಲಿ ರಬ್ಬರಿನ ಬಳೆ. ಅದನ್ನು ಕುದಿಯುವ ಸಾರಿನಲ್ಲಿ ಅದ್ದಿ ತೆಗೆದು, ಅದರಿಂದಲೇ ದೀಪ ಹೊತ್ತಿಸಿ ಊರಿಗೆ ತೋರಿಸಿದ. ಸಾರಿನ ರುಚಿ ಹೆಚ್ಚಿತೆಂದು ಮನೆಯವರೂ ಒಪ್ಪಿಕೊಂಡರು. ಆಮೇಲೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕೆಂಪು ತಂತಿಯನ್ನು ಕತ್ತರಿಸಿ, ನಡುವೆ ಸ್ವಿಚ್ಚನ್ನು ಜೋಡಿಸಿದ. ಕರೆಂಟೆಲ್ಲ ಸ್ವಿಚ್ಚನ್ನು ದಾಟಿಯೇ ಹೋಗಬೇಕು.

ಕಮ್ಮಾರನ ಜೋಡಣೆ ಬೇರೆ. ಅವನ ಕೆಂಪು ತಂತಿ ಒಂದು ಸಣ್ಣ ಬೋರ್ಡಿನ ಮೂಲಕ ಮೋಟಾರಿಗೆ ಹೋಗುತ್ತಿತ್ತು. ಸ್ವಿಚ್ಚಿನಿಂದ ಆ ಬೋರ್ಡಿಗೆ ಕೂದಲಿನಂಥ ಎರಡು ತಂತಿ ಮಾತ್ರ. ಸ್ವಿಚ್ಚು ಹಾಕಿದರೆ ಬೋರ್ಡು ಕರೆಂಟನ್ನು ತಡೆಯುತ್ತದೆ, ತೆಗೆದರೆ ಬಿಡುತ್ತದೆ. ಇದನ್ನು ಅವನಿಗೆ ಕಲಿಸಿದವರು ಯಾರೆಂದು ಕೇಳಬೇಡ, ನನಗೆ ಸಂಕೋಚವಾಗುತ್ತದೆ.

ವರ್ತಕ ಅದನ್ನು ನೋಡಿ, "ಎಲ್ಲರ ಸ್ವಿಚ್ಚು ಓಡಿಸುವುದಕ್ಕೆ, ನಿನ್ನದು ನಿಲ್ಲಿಸುವುದಕ್ಕೋ? ಮದುವೆ ಮನೆಯ ಓಲಗದವರ ಹಾಗಾಯಿತು, ಯಾರಾದರೂ ಬಂದು ಸಾಕು ಅನ್ನಬೇಕು" ಎಂದು ಗೇಲಿ ಮಾಡಿದ.

"ಹೌದಣ್ಣ, ಸಾಕು ಅನ್ನುವವರು ಇಲ್ಲದಿದ್ದರೆ ನಡೆಯುತ್ತಲೇ ಇರುತ್ತದೆ" ಎಂದ ಕಮ್ಮಾರ.

ಒಂದು ದಿನ ಇಬ್ಬರೂ ಕೆರೆಯಲ್ಲಿ ಪಂದ್ಯ ಕಟ್ಟಿದರು. ತೀರ್ಪು ಹೇಳಲು ವರ್ತಕನ ಮುದಿ ಮಾವ ತೆಪ್ಪದಲ್ಲಿ ಹೋಗಿ ಕೆರೆಯ ನಡುವೆ ಕುಳಿತ. ಕುಳಿತವನು ನಶ್ಯ ಏರಿಸಿದ. ಸೀನಿದ ರಭಸಕ್ಕೆ ದಂಡೆಯ ಕೊಕ್ಕರೆಗಳೆಲ್ಲ ಹಾರಿದವು, ಹುಟ್ಟು ಕೈತಪ್ಪಿ ನೀರಿಗೆ ಬಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು. ತೆಪ್ಪ ಕೋಡಿಯ ಕಡೆಗೆ ತೇಲತೊಡಗಿತು. ಕೆರೆ ತುಂಬಿತ್ತು, ಕೋಡಿಯಲ್ಲಿ ನೀರು ಬಂಡೆಗಳ ಮೇಲೆ ಧುಮುಕುತ್ತಿತ್ತು. ಈಜಲು ಇಳಿದವರು ಅಂತರಗಂಗೆಯ ಬಳ್ಳಿಗಳಲ್ಲಿ ಕಾಲು ಸಿಕ್ಕಿ ದಂಡೆಗೆ ಹಿಂದಿರುಗಿದರು.

ಪುಟ್ಟ ದೋಣಿಗೆ ಗಾಳದ ದಾರ ಕಟ್ಟಿ, ದಾರದ ಹಿಂದೆ ಹಗ್ಗ ಕಟ್ಟಿ ಕಳಿಸುವುದೆಂದಾಯಿತು. ಮೊದಲು ವರ್ತಕನ ದೋಣಿ ಹೊರಟಿತು. ಅಂತರಗಂಗೆಯ ನಡುವೆ ಬಳ್ಳಿ ತಗುಲಿ ಸ್ವಿಚ್ಚು ಕಿತ್ತುಬಂತು. ದೋಣಿ ಅಲ್ಲೇ ನಿಂತಿತು. ಆಮೇಲೆ ಕಮ್ಮಾರನ ದೋಣಿ ಹೊರಟಿತು. ಅದೇ ಜಾಗದಲ್ಲಿ ಅದರ ಸ್ವಿಚ್ಚೂ ಕಿತ್ತುಹೋಯಿತು. ಸಾಕು ಅನ್ನುವವರು ಯಾರೂ ಉಳಿಯಲಿಲ್ಲ. ದೋಣಿ ಓಡಿತು, ತೆಪ್ಪಕ್ಕೆ ಹೋಗಿ ಮುಟ್ಟಿತು. ಕಮ್ಮಾರ ಸಂತೋಷದಲ್ಲಿ ರಿಮೋಟಿನ ಕಡ್ಡಿ ಬಿಡುವುದನ್ನೇ ಮರೆತ. ಮುದುಕ ಆ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹಿಂದೆ ಇನ್ನೂ ತಿರುಗುತ್ತಿದ್ದ ರೆಕ್ಕೆಯ ಗಾಳಿ ಸೇವಿಸುತ್ತ, ದಾರ ಎಳೆದು, ಹಗ್ಗ ಹಿಡಿದು ದಂಡೆಗೆ ಬಂದ.

ವರ್ತಕ ಅಷ್ಟರಲ್ಲಿ ತನ್ನ ದೋಣಿಯನ್ನು ಎಳೆದುಕೊಂಡು, ಜೋತುಬಿದ್ದ ಸ್ವಿಚ್ಚನ್ನು ಬಿಚ್ಚಿ ನೋಡುತ್ತಿದ್ದ. ನನ್ನ ಸ್ವಿಚ್ಚಿನಲ್ಲಿ ದೋಷವಿಲ್ಲ, ಒಳಗೆ ಒಂದು ಹನಿಯೂ ನೀರಿಲ್ಲ ಎಂದು ಎಲ್ಲರಿಗೂ ತೋರಿಸಿದ.

"ಸಂತೋಷ, ಅಳಿಯಂದಿರೇ" ಎಂದ ಮುದುಕ, "ನಾನು ಮುಳುಗಿದ್ದರೂ ಅದು ಒಣಗಿಯೇ ಇರುತ್ತಿತ್ತು."

ಕತೆ ಮುಗಿಯಿತು. ದಾಕ್ಷಾಯಿಣಿ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ಕೆಂಪು ತಂತಿಯನ್ನು ತಾನು ಕಟ್ಟುತ್ತಿದ್ದ ದೋಣಿಯ ಬೋರ್ಡಿನ ಹತ್ತಿರ ಹಿಡಿದು, ಎಂದಿನಂತೆ ಗುರುವಿನ ಮುಖ ನೋಡಿದಳು. ಇಲ್ಲೇ ಹಚ್ಚಲಾ ಎಂದು ಕೇಳಿದಳು.

ಗಿರಿಮಲ್ಲಪ್ಪ ಹೂಂ ಎನ್ನಲಿಲ್ಲ. ಅವಳು ಕಾದಳು. ನಗು ನಿಂತಿತು.

"ನಾಳೆ ಕಿತ್ತುಹೋಗುವ ಸ್ವಿಚ್ಚು ನಾನು. ನಿನ್ನನ್ನು ಜೋಡಿಸಿದ್ದು ವರ್ತಕನ ಬಗೆಯಲ್ಲೋ, ಕಮ್ಮಾರನ ಬಗೆಯಲ್ಲೋ, ನೀನೇ ಹೇಳು."