ಹುಳಿ ಜೇನಿಗೆ ಗಿಳಿಗಳ ಡಂಗುರ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಬಾಯಲ್ಲಿ ಹುರಿಗಡಲೆ ಇದ್ದವರು ಸದ್ದಿಲ್ಲದೆ ಅಗಿಯಿರಿ.

ಒಂದು ಕಾಡಿನಲ್ಲಿ ಭರಮಣ್ಣ ಅನ್ನೋ ಕರಡಿ ಜೇನಿನ ಅಂಗಡಿ ಇಟ್ಟಿತ್ತು. ಗಡಿಗೆ ತೊಳೆದು, ಬಿಸಿಲಲ್ಲಿ ಬೋರಲು ಹಾಕಿ, ಚೆನ್ನಾಗಿ ಒಣಗಿದ ಮೇಲೇ ಜೇನು ತುಂಬೋದು ಅದರ ಅಪ್ಪನ ಕಾಲದ ಪದ್ಧತಿ. ಒಂದು ಸಲ ಮೋಡ ಮುಚ್ಚಿತ್ತು, ಗಿರಾಕಿಗಳ ಗಲಾಟೆ ಬೇರೆ. "ಒಣಗಿದರೆಷ್ಟು, ಬಿಟ್ಟರೆಷ್ಟು" ಅಂತ ಕರಡಿ ಹಸಿ ಗಡಿಗೆಗೇ ಸುರಿಯಿತು. ಜೇನು ನೊರೆ ಬಂದು ಹುಳಿಯಾಯಿತು.

ಕೋತಿ ಮಾದೇವಿ ಮರಿಯನ್ನು ಎದೆಗವಚಿಕೊಂಡು ಓಡಿ ಬಂತು. "ಭರಮಣ್ಣ, ನಿನ್ನ ಜೇನು ನೆಕ್ಕಿದಾಗಿಂದ ಮಗು ವಾಂತಿ ಮಾಡ್ತಾನೇ ಇದೆ. ಏನು ಹಾಕಿದ್ದೀಯಪ್ಪ ಅದರಲ್ಲಿ?"

ಕರಡಿ ಗಡಿಗೆಗಳ ಕಡೆ ತಿರುಗಿ ನೋಡಿತು. ಅದು ಬಾಯಿ ಬಿಡುವಷ್ಟರಲ್ಲಿ ನರಿ ತಿಮ್ಮರಸ ಅಡ್ಡ ಬಂತು. ಅಂಗಡಿಯ ಪರವಾಗಿ ಮಾತಾಡುವುದೇ ಅದರ ಉದ್ಯೋಗ.

"ನಿಮ್ಮ ಕೂಸು ಕಂಡಕಂಡ ಕಾಯಿ ತಿಂದಿರುತ್ತೆ ತಾಯಿ. ನಮ್ಮ ಜೇನನ್ನು ಅನ್ನಬೇಡಿ."

ಮಾದೇವಿ ಅಳುತ್ತಾ ಹೋಯಿತು.

"ನಿಜ ಹೇಳಿಬಿಡೋಣ ಕಣೋ. ಇನ್ನೆಷ್ಟು ಮಕ್ಕಳು ನೆಕ್ಕುತ್ತಿದ್ದಾವೋ" ಅಂತು ಕರಡಿ.

"ಹೇಳಿದರೆ ಅಂಗಡಿ ಮುಚ್ಚಬೇಕು, ಧಣಿ! ಗಿಳಿಗಳನ್ನು ಕರೆಸಿ, ಡಂಗುರ ಸಾರಿಸೋಣ."

ಆ ದಡ್ಡ ಕರಡಿ ಅದಕ್ಕೂ ತಲೆಯಾಡಿಸಿತು. ಗಿಳಿಗಳು ಅಂಗಡಿಯ ಅಟ್ಟದ ಮೇಲೆ ಸಾಲಾಗಿ ಕೂತವು. ನರಿ ಹೇಳಿಕೊಟ್ಟಿತು: "ಭರಮಣ್ಣನ ಜೇನು, ಅಮೃತ ಕಣ್ರೀ!" ಗಿಳಿಗಳು ಹಾಗೇ ಒಪ್ಪಿಸಿದವು. ನರಿ ಹಿಗ್ಗಿ ಹೀರೇಕಾಯಾಗಿ, ಅಲ್ಲೇ ಕರಡಿಯ ಕಡೆ ತಿರುಗಿತು. "ಹುಳಿ ಗಡಿಗೆಗಳನ್ನೂ ಮಾರಿ ಮುಗಿಸೋಣ. ಕೋತಿಮರಿ ನರಳಿದರೆ ನಮ್ಮ ಗಂಟೇನು ಹೋಗುತ್ತೆ?"

ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಗಿಳಿಗೇನು ಗೊತ್ತು? ಅಷ್ಟು ದೊಡ್ಡ ಬುದ್ಧಿವಂತ ನರಿಗೆ ಇಷ್ಟೂ ಹೊಳೆಯಲಿಲ್ಲ ನೋಡಿ! ಗಿಳಿಗಳು ಕಾಡೆಲ್ಲಾ ಹಾರಿ, ಅಮೃತದ ಜೊತೆಗೆ ಹುಳಿ ಗಡಿಗೆಯ ಮಾತನ್ನೂ, "ನಮ್ಮ ಗಂಟೇನು ಹೋಗುತ್ತೆ" ಅನ್ನೋದನ್ನೂ ಕೂಗಿ ಬಂದವು.

ಪ್ರಾಣಿಗಳೆಲ್ಲ ಅಂಗಡಿಗೆ ನುಗ್ಗಿದವು.

"ಗಿಳಿಗಳು ಸುಳ್ಳು ಹೇಳ್ತವೆ!" ಅಂತ ನರಿ ಕಿರುಚಿತು.

"ಗಿಳಿಗಳು ಸುಳ್ಳು ಹೇಳ್ತವೆ!" ಅಂದವು ಗಿಳಿಗಳು, ಥೇಟ್ ನರಿಯ ರಾಗದಲ್ಲೇ. ಆಮೇಲೆ ಇನ್ನೇನು ಸಾಕ್ಷಿ ಬೇಕು?

ಕರಡಿ ತಲೆ ತಗ್ಗಿಸಿ ಮುಂದೆ ಬಂತು. "ತಪ್ಪು ನಂದು. ಹಸಿ ಗಡಿಗೆಗೆ ತುಂಬಿದೆ. ಯಾರೂ ತಿನ್ನಬೇಡಿ, ಚೆಲ್ಲಿಬಿಡಿ." ಉಳಿದ ಗಡಿಗೆಗಳನ್ನು ಎಲ್ಲರೆದುರಿಗೇ ಒಡೆದು ಹಾಕಿತು.

"ಈ ಮಾತು ನಾನು ಬಂದಾಗಲೇ ಆಡೋಕೆ ನಾಲಿಗೆ ಬಿದ್ದು ಹೋಗಿತ್ತಾ?" ಅಂತು ಮಾದೇವಿ. "ಇವತ್ತು ಮೊಲದ ಮನೇಲೂ ಮಕ್ಕಳು ವಾಂತಿ ಮಾಡಿ ಮಲಗಿದ್ದಾವೆ."

ಮಾದೇವಿಯ ಮರಿ ಗಂಜಿ ತಿಳಿ ಕುಡಿದು ಚೇತರಿಸಿಕೊಂಡಿತು, ಮೊಲದ ಮಕ್ಕಳೂ ಎದ್ದು ಓಡಾಡಿದವು. ಭರಮಣ್ಣನ ಅಂಗಡಿ ಹೇಗೋ ಉಳಿಯಿತು; ಆದರೆ ಇವತ್ತಿಗೂ ಕರಡಿ ತಾನು ಮೊದಲು ನೆಕ್ಕಿ ತೋರಿಸದೆ ಯಾರೂ ಜೇನು ಕೊಳ್ಳುವುದಿಲ್ಲ. ತಿಮ್ಮರಸನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಅದು ಎಲ್ಲಿ ಹೋದರೂ ಗಿಳಿಗಳು ಮೇಲಿಂದ ಕೂಗುತ್ತವೆ: "ನಮ್ಮ ಗಂಟೇನು ಹೋಗುತ್ತೆ?"

ನೀತಿ: ತಪ್ಪು ನಡೆದ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿದರೆ ಅನಾಹುತ ಅಲ್ಲಿಗೇ ನಿಲ್ಲುತ್ತದೆ, ಬಣ್ಣದ ಮಾತಿನಿಂದ ಮುಚ್ಚಿದರೆ ಅದು ಹತ್ತು ಮನೆಗೆ ಹರಡಿ, ಕೊನೆಗೆ ಮುಚ್ಚಿದವರ ಮಾನವನ್ನೇ ತೆಗೆಯುತ್ತದೆ.