ಎಲೆ ದಾಟದ ಗೆರೆ

"ಗುರುಗಳೇ, ಬದಲಾಗುತ್ತಲೇ ಇರುವುದರಲ್ಲಿ ಬದಲಾಗದ್ದನ್ನು ಹುಡುಕುವುದು ಹೇಗೆ?" ಎಂದು ನೇಮಿರಾಜ ಕೇಳಿದ.

ಅವನು ಗಣಿತದ ಶಿಷ್ಯ. ಬಹುಪದಿಗಳಿಂದ ಕಟ್ಟಿದ, ಒಂದು ಬಿಂದುವಿನ ಚಲನೆಯನ್ನು ಹೇಳುವ ಒಂದೇ ಒಂದು ಅವಕಲ ಸಮೀಕರಣದ ಹಿಂದೆ ಬಿದ್ದು ಮೂರು ವರ್ಷವಾಗಿತ್ತು. ಚಲಿಸುವ ಬಿಂದು ಯಾವ ಗಳಿಗೆಯಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಹಾಕಿ ಎರಡು ಟ್ರಂಕು ಕಾಗದ ತುಂಬಿಸಿದ್ದ. ಆ ಚಲನೆಯುದ್ದಕ್ಕೂ ಬದಲಾಗದೆ ಉಳಿಯುವ ಒಂದು ಬೆಲೆ ಸಿಕ್ಕರೆ ಸಾಕಿತ್ತು. ಅದೇ ಸಿಕ್ಕಿರಲಿಲ್ಲ. ಈ ಸಲವೂ ಆಗದಿದ್ದರೆ ಗಣಿತಕ್ಕೆ ಕೈಮುಗಿದು ಊರಿಗೆ ಹೊರಡುವವನಿದ್ದ.

ಗುರುಗಳು ಕತೆ ಹೇಳಿದರು.

ಒಂದು ಹೊಳೆ ನೇರವಾಗಿ ಬಂದು ಕಲ್ಲುಗೋಡೆಯಂಥ ಗುಡ್ಡಕ್ಕೆ ಎದುರಾಗಿ, ಎಡಕ್ಕೂ ಬಲಕ್ಕೂ ಒಡೆದು ಹರಿಯುತ್ತಿತ್ತು. ಮೇಲ್ಗಡೆ ಒಂದು ಮರಳ ದಿಬ್ಬ. ಅಲ್ಲಿಂದ ಒಬ್ಬ ಅಂಬಿಗ ಜನರನ್ನು ಹರಿಗೋಲಿನಲ್ಲಿ ಬಲಗಡೆಯ ಊರಿಗೆ ಮುಟ್ಟಿಸುತ್ತಿದ್ದ. ಆ ಸೆಳವಿನಲ್ಲಿ ಹುಟ್ಟು ಹಾಕಿ ಪ್ರಯೋಜನವಿಲ್ಲ, ನೀರು ಒಯ್ದ ಕಡೆ ಹೋಗಬೇಕು. ದಾರಿಯಲ್ಲಿ ನೀರೊಳಗೆ ಅಡಗಿದ ಒಂದು ಬಂಡೆಯಿತ್ತು. ಅಂಬಿಗನ ಅಣ್ಣ ಅದಕ್ಕೇ ಬಡಿದು ಸತ್ತಿದ್ದ. ಕುಡಿದು ಹೋಗಿದ್ದ, ಸತ್ತ ಎಂದು ಊರು ಆಡಿಕೊಂಡಿತು. ತಮ್ಮ ಅಂದೇ ಹರಿಗೋಲನ್ನು ದಿಬ್ಬದ ಮೇಲೆ ಮಗುಚಿ ಹಾಕಿ, ಜನರನ್ನು ದಾಟಿಸುವುದು ಬಿಟ್ಟ.

ಆದರೆ ಬಲಗಡೆಯ ಊರಿನಲ್ಲಿ ಒಬ್ಬ ಹೆಂಗಸಿಗೆ ದಿನ ತುಂಬಿತ್ತು. ದಾಟಲೇಬೇಕೆಂದು ಈಚೆಯ ಸೂಲಗಿತ್ತಿ ಬಂದು ದಿಬ್ಬದ ಮೇಲೆ ಕುಳಿತಳು. ಬಂಡೆ ತಪ್ಪಿಸುವ ದಾರಿ ಸಿಕ್ಕೀತೇ ಎಂದು ಅಂಬಿಗ ಬೆಳಗಿನಿಂದ ಮುತ್ತುಗದ ಎಲೆಗಳನ್ನು ತೇಲಿಬಿಟ್ಟು ನೋಡುತ್ತಿದ್ದ. ಒಂದು ಬೇಗ ಹೋಯಿತು, ಒಂದು ತಡೆದು ಹೋಯಿತು. ಒಂದರ ದಾರಿ ಇನ್ನೊಂದಕ್ಕಿಲ್ಲ. ಅವನಿಗೆ ತಲೆ ಕೆಟ್ಟುಹೋಯಿತು.

"ಎಲೆ ಹೋಗೋ ದಾರಿನೇ ನೋಡ್ತಾ ಕೂತೀಯಲ್ಲ ಮಗಾ," ಎಂದಳು ಸೂಲಗಿತ್ತಿ. "ಯಾವ ಎಲೆನೂ ದಾಟದೇ ಇರೋ ಗೆರೆ ಒಂದೂ ಇಲ್ವಾ?"

"ಅವೆ ಅವ್ವಾ, ಎರಡು. ಒಂದು ಈ ಕಲ್ಲುಗೋಡೆ. ಇನ್ನೊಂದು ನಡುನೀರು. ಅದರ ಬಲಕ್ಕಿರೋದು ಎಡಕ್ಕೆ ಹೋಗಲ್ಲ, ಎಡಕ್ಕಿರೋದು ಬಲಕ್ಕೆ ಬರಲ್ಲ."

"ಹಂಗಾದ್ರೆ ಅವೆರಡರಿಂದ ಅಳೆದು ನೋಡು."

ಅಳೆದ. ಒಂದು ಎಲೆ ಗೋಡೆಯಿಂದ ಎಂಟು ಮಾರು, ನಡುನೀರಿನಿಂದ ಎರಡು ಮಾರು ದೂರದಲ್ಲಿತ್ತು. ಸ್ವಲ್ಪ ಹೊತ್ತಿಗೆ ನಾಲ್ಕು, ನಾಲ್ಕು. ಆಮೇಲೆ ಎರಡು, ಎಂಟು. ಒಂದು ಅರ್ಧವಾದಾಗ ಇನ್ನೊಂದು ದುಪ್ಪಟ್ಟು. ಎರಡರಲ್ಲಿ ಯಾವುದೂ ನಿಂತಲ್ಲಿ ನಿಲ್ಲಲಿಲ್ಲ, ಗುಣಿಸಿದರೆ ಮಾತ್ರ ಪ್ರತಿಸಲವೂ ಹದಿನಾರು. ಬೇರೆ ಎಲೆ ಬಿಟ್ಟ. ಅದರ ಗುಣಲಬ್ಧ ಬೇರೆ, ಆದರೆ ಅದೂ ಕೊನೆತನಕ ಕದಲಲಿಲ್ಲ.

ಬಂಡೆ ಇರುವ ಕಡೆ ಅಳೆದ. ಗೋಡೆಯಿಂದ ಮೂರು, ನಡುನೀರಿನಿಂದ ಎಂಟು. ಇಪ್ಪತ್ತನಾಲ್ಕು. ಕೊನೆಯ ಸಲ ಹರಿಗೋಲು ಬಿಟ್ಟ ಜಾಗದಲ್ಲಿ ಅಣ್ಣ ನೆಟ್ಟ ಗೂಟ ಇನ್ನೂ ಇತ್ತು. ಅಲ್ಲಿ ಹನ್ನೆರಡು, ಎರಡು. ಅದೂ ಇಪ್ಪತ್ತನಾಲ್ಕು.

ಅಂಬಿಗ ಮರಳಲ್ಲಿ ಕುಸಿದು ಅತ್ತ. ಎಷ್ಟೇ ಎಚ್ಚರವಿದ್ದರೂ ಆ ಗೂಟದಿಂದ ಹೊರಟವನು ಬಂಡೆಗೇ ಹೋಗಬೇಕಿತ್ತು. ಅಣ್ಣನ ಮೇಲೆ ಊರು ಹೊರಿಸಿದ್ದು ಸುಳ್ಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದ. ಹರಿಗೋಲನ್ನು ಗೂಟದಿಂದ ಎರಡು ಮಾರು ಬಲಕ್ಕೆ ಎಳೆದು, ಸೂಲಗಿತ್ತಿಯನ್ನು ಕೂರಿಸಿಕೊಂಡು ನೀರಿಗೆ ಬಿಟ್ಟ. ಈಗ ಹನ್ನೆರಡು, ನಾಲ್ಕು, ನಲವತ್ತೆಂಟು. ಬಂಡೆಯ ನೇರಕ್ಕೆ, ನಡುನೀರಿನಿಂದ ಎಂಟು ಮಾರಿಗೆ ಬಂದಾಗ ಹರಿಗೋಲು ಗೋಡೆಯಿಂದ ಆರು ಮಾರು ದೂರದಲ್ಲಿತ್ತು, ಬಂಡೆ ಮೂರು ಮಾರು ಆಚೆಗೇ ಉಳಿಯಿತು. ಸಂಜೆಗೆ ಆ ಊರಿನಲ್ಲಿ ಕೂಸು ಅತ್ತಿತು.

ಗುರುಗಳು ಕತೆ ಮುಗಿಸಿದರು. ನೇಮಿರಾಜನಿಗೆ ಕತೆಯೇನೋ ಹಿಡಿಸಿತು, ಸಮಾಧಾನವಾಗಲಿಲ್ಲ.

"ಅಂಬಿಗನಿಗೆ ಗೋಡೆ ಕಣ್ಣೆದುರಿಗಿತ್ತು ಗುರುಗಳೇ. ನನಗೆ ಸಮೀಕರಣವನ್ನೇ ಬಿಡಿಸಲು ಆಗಿಲ್ಲ. ಅದರೊಳಗಿನ ಗೆರೆ ಬರಿಯ ಬೀಜಗಣಿತಕ್ಕೆ ಸಿಕ್ಕೀತೇ?"

ಗುರುಗಳು ಅವನ ಎರಡು ಟ್ರಂಕುಗಳ ಕಡೆ ನೋಡಿದರು.

"ದಾಟದ ಗೆರೆಗೆ ಬೀಜಗಣಿತ ಸಾಕು, ಸಮೀಕರಣ ಬಿಡಿಸಬೇಕಿಲ್ಲ. ಬಿಂದು ಎಲ್ಲಿಗೆ ಹೋಗುತ್ತದೆ ಎಂದು ಮೂರು ವರ್ಷ ಕೇಳಿದೆಯಲ್ಲ, ಏನನ್ನು ದಾಟುವುದಿಲ್ಲ ಎಂದು ಒಂದು ದಿನವಾದರೂ ಕೇಳಿದೆಯಾ?"